ತರಗೆಲೆಯ ಲೆಕ್ಕ

ನವೆಂಬರ್ 1ರಂದು ನಾವು ದೆಹಲಿಯಲ್ಲಿ ಧ್ವಜವೇರಿಸಿ ನಾಡಹಬ್ಬವನ್ನು ಆಚರಿಸುವಾಗ, ಅತ್ತ ಊರಿನಲ್ಲಿ ರೈತನ ಮನೆ ಬೇರೊಂದು ಸಡಗರದಲ್ಲಿರುತ್ತದೆ. ಸೀಗಿ ಹುಣ್ಣಿಮೆ ಆಗತಾನೆ ಕಳೆದಿರುತ್ತದೆ. ಮಲೆನಾಡಿನಲ್ಲಿ ಅದೇ ಭೂಮಿ ಹುಣ್ಣಿಮೆ. ತೆನೆಗಟ್ಟುತ್ತಿರುವ ಪೈರನ್ನು ಬಸುರಿಯೆಂದು ಭಾವಿಸಿ, ಗದ್ದೆಗೆ ಚರಗ ಚೆಲ್ಲಿ ಬರುವ ದಿನ. ಹಿತ್ತಿಲಲ್ಲಿ ಮಳೆಗಾಲದ ಹೀರೆ, ಪಡವಲ ಬಳ್ಳಿಗಳು ಒಣಗಿರುತ್ತವೆ. ಅವನ್ನು ಕಿತ್ತು, ಚಪ್ಪರ ಬಿಚ್ಚಿ, ಹೊಸ ಪಾತಿ ಮಾಡುವ ಕಾಲವಿದು. ಒಂದು ಕೈಯಲ್ಲಿ ಕೊಯ್ಲು, ಇನ್ನೊಂದು ಕೈಯಲ್ಲಿ ಹಸನು ಮಾಡುವ ಕೆಲಸ.

ಕೊಯ್ದದ್ದು ಎಲ್ಲಿಗೆ ಹೋಗುತ್ತದೆಂಬುದನ್ನು ಎಲ್ಲರೂ ಬಲ್ಲರು. ಕೊಯ್ದು ಉಳಿದದ್ದು ಎಲ್ಲಿಗೆ ಹೋಗಬೇಕು? ಇದು ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಆದರೆ ಇದಕ್ಕೂ ಒಂದು ಚರಿತ್ರೆಯುಂಟು. ದೆಹಲಿಯಲ್ಲಿ ನೆಲೆಸಿದ ನಮ್ಮ ಉಸಿರಿಗೂ ಆ ಚರಿತ್ರೆಗೂ ನಂಟುಂಟು.

ನಮ್ಮ ಹಿರಿಯರ ಉತ್ತರ ಒಂದೇ ಮಾತಿನಲ್ಲಿತ್ತು: ತಿಪ್ಪೆಗೆ. ದೀಪಾವಳಿಯಲ್ಲಿ ಕನ್ನಡನಾಡಿನ ಅನೇಕ ಕಡೆ ದೇವರ ಕೋಣೆಗೂ ಕೊಟ್ಟಿಗೆಗೂ ದೀಪವಿಟ್ಟವರು ತಿಪ್ಪೆಗೂ ಒಂದು ದೀಪ ಇಡುತ್ತಾರೆ. ಪಟ್ಟಣದವರಿಗೆ ಇದು ವಿನೋದವಾಗಿ ಕಾಣಬಹುದು. ಆದರೆ ಮುಂದಿನ ವರ್ಷದ ಅನ್ನ ಅಲ್ಲಿ ಕೂತು ಕಳಿಯುತ್ತಿದೆಯೆಂದು ತಿಳಿದವನಿಗೆ ತಿಪ್ಪೆಯೂ ಕಣಜವೇ.

ಈ ಲೆಕ್ಕವನ್ನು ಅತ್ಯಂತ ಕಟ್ಟುನಿಟ್ಟಾಗಿ ಇಟ್ಟವರು ಉತ್ತರ ಕನ್ನಡದ ಅಡಿಕೆ ತೋಟಿಗರು. ತೋಟದ ನೆಲವು ವರ್ಷ ವರ್ಷವೂ ಅಡಿಕೆ, ಮೆಣಸು, ಏಲಕ್ಕಿಯನ್ನು ಕೊಡಬೇಕಾದರೆ ಅದಕ್ಕೆ ತಿರುಗಿ ಏನನ್ನಾದರೂ ಕೊಡಬೇಕಷ್ಟೆ. ಆದುದರಿಂದ ತೋಟದ ಮೇಲಣ ಗುಡ್ಡವನ್ನು ಸೊಪ್ಪಿನಬೆಟ್ಟವೆಂದು ಕಾಪಾಡಿದರು. ಅಲ್ಲಿಂದ ತಂದ ಹಸಿ ಸೊಪ್ಪನ್ನೂ, ಗುಡಿಸಿ ತಂದ ದರಕನ್ನೂ ಕೊಟ್ಟಿಗೆಗೆ ಹಾಸಿ, ದನ ತುಳಿದ ಮೇಲೆ ಗೊಬ್ಬರಗುಂಡಿಗೆ ಹಾಕಿ, ಕಳಿತದ್ದನ್ನು ಮರದ ಬುಡಕ್ಕೆ ಏರಿಸುತ್ತಿದ್ದರು. 1801ರಲ್ಲಿ ಶಿರಸಿ, ಸೋಂದಾ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಅಲ್ಲಿನ ತೋಟಗಳ ಕೃಷಿಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. 1862ರಲ್ಲಿ ಆ ಜಿಲ್ಲೆ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಮುಂದೆ ಕಾಡಿನ ಕಾನೂನುಗಳು ಬಿಗಿಯಾದಾಗಲೂ ಸರಕಾರವು ಈ ಹಕ್ಕನ್ನು ಅಲ್ಲಗಳೆಯಲಾರದೆ, ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆಯ ವರೆಗೆ ಬೆಟ್ಟವನ್ನು ಗೊತ್ತುಮಾಡಬೇಕಾಯಿತು. ಒಂದು ಎಕರೆಯ ಫಲಕ್ಕೆ ಒಂಬತ್ತು ಎಕರೆಯ ಎಲೆ! ತರಗೆಲೆಯು ಕಸವಲ್ಲ, ಆಸ್ತಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗೆಂದು ನಮ್ಮವರು ಬೆಂಕಿಯನ್ನೇ ಅರಿಯದವರೆಂದು ಹೊಗಳಿಕೊಳ್ಳಬೇಕಾಗಿಲ್ಲ. ಘಟ್ಟದ ಕಾಡುಗಳಲ್ಲಿ ಮರ ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವಿತ್ತು. ಕರಾವಳಿಯಲ್ಲಿ ಎಲೆಕಡ್ಡಿಯೊಡನೆ ಮಣ್ಣನ್ನು ಸುಟ್ಟು ಸುಡುಮಣ್ಣು ಮಾಡುವ ರೂಢಿಯೂ ಇತ್ತು. ಆದರೆ ಸುಟ್ಟದ್ದು ಕೂಡ ನೆಲಕ್ಕಾಗಿಯೇ ಹೊರತು, ಪೀಡೆ ತೊಲಗಲೆಂದಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಹಳೆಯ ಅರಿವು ಶಾಸ್ತ್ರದ ರೂಪ ತಾಳಿತು. ಬಿಹಾರದ ಪೂಸಾದಲ್ಲಿ ಕೆಲಸ ಮಾಡಿ, 1924ರಿಂದ 1931ರ ವರೆಗೆ ಇಂದೂರಿನಲ್ಲಿದ್ದ ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ವಿಜ್ಞಾನಿ, ಕಸಕಡ್ಡಿಯನ್ನು ಆಗಾಗ ಮಗುಚಿ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದನು. ಅದು ಒಳ್ಳೆಯದೇ, ಆದರೆ ಅದಕ್ಕೆ ಆಳು, ನೀರು ಎರಡೂ ಹೆಚ್ಚು ಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು ಇನ್ನೂ ಸುಲಭವಾದ ದಾರಿಯನ್ನು ತೋರಿಸಿದರು. ಸುಮಾರು ಮೂರಡಿ ಆಳದ ಗುಂಡಿಯಲ್ಲಿ ಪಟ್ಟಣದ ಕಸವನ್ನೂ ಮಲವನ್ನೂ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮಗುಚುವ ಗೋಜಿಲ್ಲ, ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಇಂದಿಗೂ ಕೃಷಿಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು.

ದೆಹಲಿಗೂ ಈ ಕಥೆಗೂ ಸಂಬಂಧವಿಲ್ಲದಿಲ್ಲ. 1934ರ ಭೂಕಂಪದಲ್ಲಿ ಕುಸಿದ ಪೂಸಾದ ಸಂಸ್ಥೆ 1936ರಲ್ಲಿ ಇಲ್ಲಿಗೆ ಬಂದು ಕರೋಲ್ ಬಾಗಿನ ನೆರೆಯಲ್ಲಿ ನೆಲೆಸಿತು. ಸ್ವಾತಂತ್ರ್ಯದ ಹೊಸದರಲ್ಲಿ ಧಾನ್ಯದ ಅಭಾವವಿದ್ದಾಗ, ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು ತಮ್ಮ ಅರಮನೆಯ ಆವರಣದಲ್ಲೇ ಒಂದಿಷ್ಟು ನೆಲವನ್ನು ಉಳಿಸಿ ಗೋಧಿ ಬೆಳೆಸಿದರು.

ಹಾಗಾದರೆ ಇಲ್ಲಿನ ನವೆಂಬರ್ ಹೊಗೆಯಲ್ಲಿ ಮುಳುಗುವುದೇಕೆ? ಇದರ ಉತ್ತರವೂ ಚರಿತ್ರೆಯಲ್ಲೇ ಇದೆ. 1960ರ ದಶಕದಿಂದ ಈಚೆಗೆ ದೇಶದ ಹಸಿವು ನೀಗಲೆಂದು ಪಂಜಾಬು, ಹರಿಯಾಣಗಳು ಗೋಧಿಯ ಜೊತೆಗೆ ಬತ್ತವನ್ನೂ ಅಪಾರವಾಗಿ ಬೆಳೆದವು. ಕೊಳವೆಬಾವಿಗಳಿಂದ ಅಂತರ್ಜಲ ಇಳಿಯಿತು. ಅದನ್ನು ಉಳಿಸಲು 2009ರಲ್ಲಿ ಎರಡು ರಾಜ್ಯಗಳೂ ಕಾಯಿದೆ ಮಾಡಿ, ನಾಟಿಯನ್ನು ಜೂನ್ ನಡುವಿನತ್ತ ತಳ್ಳಿದವು. ನಾಟಿ ತಡವಾದರೆ ಕೊಯ್ಲೂ ತಡ. ಗೋಧಿ ಬಿತ್ತಲು ಉಳಿಯುವುದು ಎರಡು ಮೂರು ವಾರ ಮಾತ್ರ. ಕೊಯ್ಲಿನ ಯಂತ್ರವು ತೆನೆಯನ್ನು ಮಾತ್ರ ಕೊಯ್ದು ಕೂಳೆಯನ್ನು ನಿಲ್ಲಿಸಿ ಹೋಗುತ್ತದೆ. ಅವಸರದಲ್ಲಿರುವ ರೈತ ಕಡ್ಡಿ ಗೀರುತ್ತಾನೆ. ನೀರನ್ನು ಉಳಿಸುವ ಲೆಕ್ಕದಲ್ಲಿ ಗಾಳಿಯ ಲೆಕ್ಕ ತಪ್ಪಿತು. ಆ ರೈತನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಅವನ ಗೋಧಿಯನ್ನು ನಾವೂ ಉಂಡಿದ್ದೇವೆ. ಹೊಗೆಗೆ ವಾಹನ, ಕಾರ್ಖಾನೆ, ಧೂಳುಗಳ ಪಾಲೂ ಉಂಟು.

ನಮ್ಮ ಬೀದಿಯ ಪಾಲೂ ಉಂಟು. ಗುಡಿಸಿದ ಎಲೆಗೆ ಮೂಲೆಯಲ್ಲಿ ಬೆಂಕಿಯಿಡುವುದು ಇಲ್ಲಿನ ಹಳೆಯ ಅಭ್ಯಾಸ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ದಂಡದ ಭಯಕ್ಕಿಂತ ತಿಪ್ಪೆಯ ದೀಪ ಹೆಚ್ಚು ಕಲಿಸಬಲ್ಲದು.

ಸರಕಾರಿ ಕ್ವಾರ್ಟರ್ಸಿನ ಹಿಂದೆ ಅಂಗೈಯಗಲ ನೆಲವಿರುವ ನಮ್ಮವರು ಈಗ ಸೋರೆ, ಬೆಂಡೆ ಕಿತ್ತು ಮೆಂತ್ಯ, ಮೂಲಂಗಿ ಬಿತ್ತುವ ಹೊತ್ತು. ಕಿತ್ತದ್ದನ್ನೂ ಅಡಿಗೆಮನೆಯ ಸಿಪ್ಪೆಯನ್ನೂ ಸಗಣಿಯೊಡನೆ ಪದರ ಹಾಕಿ, ಸಣ್ಣ ಗುಂಡಿಯಲ್ಲಿ ಮಣ್ಣು ಮುಚ್ಚಿದರೆ ಬೆಂಗಳೂರು ಪದ್ಧತಿಯ ಮನೆವಾರ್ತೆ ಅವತಾರವಾಯಿತು. ಎಲೆ ಹೆಚ್ಚು ಉದುರುವ ಕಾಲ ದೆಹಲಿಯಲ್ಲಿ ಶರತ್ತಲ್ಲ, ಫಾಲ್ಗುಣದ ಆಸುಪಾಸು. ಬೇವು, ಅರಳಿಗಳ ಆ ರಾಶಿಗೆ ಇನ್ನೊಂದು ಗುಂಡಿ ಬೇಕಾದೀತು. ನವೆಂಬರಿನಲ್ಲಿ ಮುಚ್ಚಿದ ಗುಂಡಿಯನ್ನು ಜೂನ್ ಕೊನೆಗೆ, ಮಳೆಗಾಲದ ಬೀಜ ಊರುವ ವೇಳೆಗೆ ಸರಿಯಾಗಿ ತೆರೆಯಬಹುದು. ನೆಲವಿಲ್ಲದವರು ತೂತುಳ್ಳ ಮಣ್ಣಿನ ಮಡಕೆಯಲ್ಲಿ ತರಗೆಲೆ ಬೆರೆಸಿ, ಆಗಾಗ ಕೈಯಾಡಿಸಿ ಗೊಬ್ಬರ ಮಾಡಿಕೊಳ್ಳಬಹುದು.

ಒಂದು ಗುಂಡಿಯಿಂದ ದೆಹಲಿಯ ಆಕಾಶ ತಿಳಿಯಾಗದು. ಆದರೆ ನಮ್ಮ ಮಕ್ಕಳು ಅದನ್ನು ತೆರೆದು, ಎಲೆಯೆಂಬುದು ಕರಿಮಣ್ಣಾದುದನ್ನು ಮುಟ್ಟಿ ನೋಡುತ್ತಾರೆ. ಭಾಷೆಯನ್ನು ಮನೆಯಲ್ಲಿ ಆಡಿ ಉಳಿಸಿಕೊಂಡ ಹಾಗೆಯೇ, ಊರಿನ ಈ ಲೆಕ್ಕವನ್ನೂ ಕೈಯಿಂದ ಮಾಡಿ ಉಳಿಸಿಕೊಳ್ಳಬೇಕು.