ಶ್ವಾಸಕೋಶದ ಕ್ಯಾನ್ಸರ್: ವಂಶವಾಹಿ ಆಧಾರಿತ ಚಿಕಿತ್ಸೆಯ ಇತಿಹಾಸ

ಶ್ವಾಸಕೋಶದ ಜೀವಕೋಶಗಳು ಅಂಕೆ ಮೀರಿ ಬೆಳೆಯಲು ಕಾರಣವಾದ ವಂಶವಾಹಿಯ, ಅಂದರೆ ಜೀನಿನ, ದೋಷವನ್ನು ಪತ್ತೆಹಚ್ಚಿ, ಅದನ್ನು ಸರಿಪಡಿಸುವ ಇಲ್ಲವೆ ಅದರಿಂದ ಹುಟ್ಟಿದ ಪ್ರೋಟೀನಿನ ಕೆಲಸವನ್ನು ತಡೆಯುವ ಚಿಕಿತ್ಸಾಕ್ರಮವಿದು. ವೇಗವಾಗಿ ವಿಭಜನೆಗೊಳ್ಳುವ ಆರೋಗ್ಯವಂತ ಕೋಶಗಳನ್ನೂ ಘಾಸಿಗೊಳಿಸುವ ಕೀಮೋಥೆರಪಿಗಿಂತ ಇದು ಭಿನ್ನವಾದುದು.

ಈ ಚಿಕಿತ್ಸೆ ಎರಡು ದಾರಿಗಳಲ್ಲಿ ಬೆಳೆಯಿತು. ಮೊದಲನೆಯದು ವಂಶವಾಹಿಯನ್ನೇ ದೇಹಕ್ಕೆ ಸೇರಿಸುವುದು ಇಲ್ಲವೆ ತಿದ್ದುವುದು. ಕೋಶಗಳ ಅತಿಬೆಳವಣಿಗೆಗೆ ತಡೆಯೊಡ್ಡುವ ಪಿ-53 ವಂಶವಾಹಿಯ ಸುಸ್ಥಿತಿಯ ಪ್ರತಿಯನ್ನು ವೈರಸ್ಸಿನಲ್ಲಿರಿಸಿ, ನೇರವಾಗಿ ಗೆಡ್ಡೆಗೆ ಚುಚ್ಚುವ ಪ್ರಯೋಗವನ್ನು ಅಮೆರಿಕದ ಜ್ಯಾಕ್ ರಾತ್ ತಂಡ ಒಂಬತ್ತು ರೋಗಿಗಳ ಮೇಲೆ ನಡೆಸಿ 1996ರಲ್ಲಿ ಪ್ರಕಟಿಸಿತು. ಮೂವರಲ್ಲಿ ಗೆಡ್ಡೆ ಕುಗ್ಗಿತು, ಇನ್ನು ಮೂವರಲ್ಲಿ ಬೆಳವಣಿಗೆ ನಿಂತಿತು. 2016ರಲ್ಲಿ ಚೀನಾದ ವೈದ್ಯರು ವಂಶವಾಹಿಯನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದಿಂದ ಮಾರ್ಪಡಿಸಿದ ರೋಗನಿರೋಧಕ ಕೋಶಗಳನ್ನು ಶ್ವಾಸಕೋಶದ ಕ್ಯಾನ್ಸರ್ ರೋಗಿಯೊಬ್ಬರಿಗೆ ನೀಡಿದರು. ಈ ದಾರಿಯ ಚಿಕಿತ್ಸೆಗಳು ಪ್ರಯೋಗದ ಹಂತದಾಚೆಗೆ ಹೆಚ್ಚು ಸಾಗಿಲ್ಲ.

ಎರಡನೆಯ ದಾರಿ ಮಾತ್ರೆಗಳದು. ಕೋಶಕ್ಕೆ ಬೆಳೆಯುವ ಸಂಕೇತವನ್ನು ದಾಟಿಸುವ ಇ.ಜಿ.ಎಫ್.ಆರ್. ಎಂಬ ಪ್ರೋಟೀನನ್ನು ತಡೆಯುವ ಜೆಫಿಟಿನಿಬ್‌ಗೆ 2002ರಲ್ಲಿ ಜಪಾನ್ ಅನುಮತಿಯಿತ್ತಾಗ, ಅದು ಕೆಲವರಿಗಷ್ಟೇ ಏಕೆ ನಾಟುತ್ತದೆಂಬುದು ತಿಳಿದಿರಲಿಲ್ಲ. ಆ ಪ್ರೋಟೀನಿನ ವಂಶವಾಹಿಯಲ್ಲಿ ನಿರ್ದಿಷ್ಟ ಮಾರ್ಪಾಡು ಇದ್ದವರಿಗೇ ಅದು ಗುಣಕಾರಿಯೆಂದು 2004ರಲ್ಲಿ ಗೊತ್ತಾಯಿತು. ಮಾರ್ಪಾಡು ಇಲ್ಲದವರಿಗೆ ಕೀಮೋಥೆರಪಿಯೇ ಮೇಲೆಂದು 2009ರ ಐಪಾಸ್ ಅಧ್ಯಯನ ತೋರಿಸಿತು. ಜಪಾನಿನ ಹಿರೊಯುಕಿ ಮಾನೊ ತಂಡ 2007ರಲ್ಲಿ ಎ.ಎಲ್.ಕೆ. ವಂಶವಾಹಿಯ ದೋಷವನ್ನು ಗುರುತಿಸಿದ ನಾಲ್ಕೇ ವರ್ಷಗಳಲ್ಲಿ ಅದಕ್ಕೆ ಕ್ರಿಜೊಟಿನಿಬ್ ಬಂದಿತು. ಕ್ಯಾನ್ಸರ್ ಕೋಶಗಳು ಹೊಸ ಮಾರ್ಪಾಡುಗಳಿಂದ ಇ.ಜಿ.ಎಫ್.ಆರ್. ತಡೆಯುವ ಔಷಧಗಳಿಗೆ ಜಗ್ಗದಂತಾದಾಗ 2015ರಲ್ಲಿ ಒಸಿಮೆರ್ಟಿನಿಬ್ ಬಳಕೆಗೆ ಬಂದಿತು. ಔಷಧಕ್ಕೆ ನಿಲುಕದೆಂದೇ ಭಾವಿಸಲಾಗಿದ್ದ ಕೆ-ರಾಸ್ ವಂಶವಾಹಿಯ ದೋಷವೊಂದಕ್ಕೂ 2021ರಲ್ಲಿ ಸೊಟೊರಾಸಿಬ್ ದೊರೆಯಿತು.

ಭಾರತದಲ್ಲಿ ಈ ಇತಿಹಾಸವು ಬೆಲೆಯ ಪ್ರಶ್ನೆಯೊಂದಿಗೆ ಬೆಸೆದುಕೊಂಡಿದೆ. ಜೆಫಿಟಿನಿಬ್‌ನಂತೆಯೇ ಕೆಲಸ ಮಾಡುವ, ರೋಶ್ ಕಂಪನಿಯ ಎರ್ಲೊಟಿನಿಬ್ ಮಾತ್ರೆಯೊಂದಕ್ಕೆ ಸುಮಾರು 4,800 ರೂಪಾಯಿ ಇದ್ದಾಗ ಭಾರತದ ಸಿಪ್ಲಾ ಕಂಪನಿ ಅದನ್ನು ಸುಮಾರು 1,600 ರೂಪಾಯಿಗೆ ಮಾರಲು ಹೊರಟಿತು. ಸಿಪ್ಲಾದ ಆ ಮಾರಾಟಕ್ಕೆ ಮಧ್ಯಂತರ ತಡೆ ನೀಡಲು ದೆಹಲಿ ಹೈಕೋರ್ಟ್ 2008ರಲ್ಲಿ ನಿರಾಕರಿಸಿತು. ಬೆಲೆಯ ಪ್ರಶ್ನೆಯ ಜೊತೆಗೆ ಚಿಕಿತ್ಸಾಕ್ರಮದ ಸಂಶೋಧನೆಯೂ ಇಲ್ಲಿ ನಡೆದಿದೆ: ಜೆಫಿಟಿನಿಬ್ ಜೊತೆಗೆ ಕೀಮೋಥೆರಪಿಯನ್ನೂ ಕೊಟ್ಟರೆ ರೋಗ ಉಲ್ಬಣಿಸದ ಅವಧಿ 8ರಿಂದ 16 ತಿಂಗಳಿಗೆ ಏರುತ್ತದೆಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನ ತೋರಿಸಿತು.

ಕರ್ನಾಟಕದಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಸರ್ಕಾರಿ ಕ್ಯಾನ್ಸರ್ ಚಿಕಿತ್ಸೆಯ ಮುಖ್ಯ ನೆಲೆಯಾಗಿದ್ದು, ಕಲಬುರಗಿಯಲ್ಲಿಯೂ ಅದರ ಶಾಖೆಯಿದೆ. ಗೆಡ್ಡೆಯ ಚೂರನ್ನು ವಂಶವಾಹಿ ಪರೀಕ್ಷೆಗೆ ಒಳಪಡಿಸಿದ ಬಳಿಕವೇ ಮಾತ್ರೆಯ ಆಯ್ಕೆ ಸಾಧ್ಯವಾಗುವುದರಿಂದ, ಈ ಚಿಕಿತ್ಸೆಯ ಫಲ ಔಷಧದಷ್ಟೇ ಆ ಪರೀಕ್ಷೆಯ ಲಭ್ಯತೆಯನ್ನೂ ಅವಲಂಬಿಸಿದೆ.