ತುರುಫಿನ ಎಲೆ ಬಂದ ದಾರಿ



ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಆಡುವ ಹೊಸೂರು, ಕೃಷ್ಣಗಿರಿ ಕಡೆಯವರು ನಾವು. ಆದರೆ ಇಸ್ಪೀಟು ಹಿಡಿದು ಕುಳಿತಾಗ ಎರಡು ಭಾಷೆ ಬೇಕಾಗುವುದೇ ಇಲ್ಲ. ನಾವು ಆಠೀನು, ಕಳಾವರ, ತುರುಫು ಎಂದರೆ, ತಮಿಳರು ಆಟ್ಟಿನ್, ಕ್ಲಾವರ್, ತುರುಪ್ಪು ಎನ್ನುತ್ತಾರೆ. ಡಚ್ಚರ ಮಾತಿನಲ್ಲಿ ಇವು ಹಾರ್ಟನ್, ಕ್ಲಾವರ್, ತ್ರೂಫ್. 17ನೇ ಶತಮಾನದಲ್ಲಿ ಪುಲಿಕಾಟ್, ನಾಗಪಟ್ಟಣಗಳಲ್ಲಿ ಅವರ ಕೋಠಿಗಳಿದ್ದವು. ಮೆಣಸು, ಬಟ್ಟೆ ಕೊಂಡುಹೋದವರು ಈ ಹೆಸರುಗಳನ್ನು ಇಲ್ಲೇ ಬಿಟ್ಟುಹೋದರು ಅನ್ನಿ.

ಅದಕ್ಕೂ ಮೊದಲು ನಮ್ಮಲ್ಲಿ ಎಲೆಯಾಟ ಇರಲಿಲ್ಲವೆಂದಲ್ಲ. ದುಂಡನೆಯ ಗಂಜೀಫ ಎಲೆಗಳಿದ್ದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಅಂಥ ಆಟಗಳನ್ನು ವಿವರವಾಗಿ ಬರೆಸಿದ್ದಾರೆ.

1792ರಲ್ಲಿ ಟಿಪ್ಪು ಸುಲ್ತಾನ ಬಾರಾಮಹಲನ್ನು ಬಿಟ್ಟುಕೊಟ್ಟಾಗ ಕೃಷ್ಣಗಿರಿ ಇಂಗ್ಲಿಷರ ಕೈ ಸೇರಿತು. ಆ ಕಾಲದ ದೊರೆಗಳ ಮೆಚ್ಚಿನ ಆಟ ವಿಸ್ಟ್. ಅದರ ಮೊಮ್ಮಗುವೇ ಬ್ರಿಜ್. ಇಂದಿನ ಬ್ರಿಜ್‌ನ ಅಂಕಪದ್ಧತಿಯನ್ನು 1925ರಲ್ಲಿ ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ಹಡಗಿನಲ್ಲಿ ಪ್ರಯಾಣ ಮಾಡುತ್ತಾ ರೂಪಿಸಿದರು.

ಬ್ರಿಜ್ ಎಂದರೆ ಕ್ಲಬ್ಬಿನವರ ಆಟವೆಂದು ದೂರ ಉಳಿಯುತ್ತೀರಲ್ಲ, ಇಪ್ಪತ್ತೆಂಟು ಬಲ್ಲವರಿಗೆ ಅದರ ಮುಕ್ಕಾಲು ಪಾಲು ಆಗಲೇ ಗೊತ್ತು. ಅಲ್ಲಿ 32 ಎಲೆ, ಇಲ್ಲಿ 52. ನಾಲ್ವರು, ಎದುರುಬದುರು ಕೂತವರು ಜೊತೆಗಾರರು, ತಲೆಗೆ 13 ಎಲೆ. ನಾಲ್ಕು ಎಲೆ ಬಿದ್ದು ಒಬ್ಬರು ಎತ್ತಿಕೊಂಡರೆ ಒಂದು ಪಟ್ಟು. ಇಲ್ಲಿಯೂ ಕೂಗಬೇಕು, ಆದರೆ ಆರು ಪಟ್ಟು ಬಿಟ್ಟು ಲೆಕ್ಕ: ‘ಒಂದು ಆಠೀನು’ ಎಂದರೆ ಆಠೀನು ತುರುಫಾಗಿ ಏಳು ಪಟ್ಟು ಹಿಡಿಯುತ್ತೇವೆಂಬ ಮಾತು. ಕಳಾವರ ಕೆಳಗೆ, ಮೇಲೆ ಡೈಮನ್, ಆಠೀನು, ಇಸ್ಪೀಟು; ಎಲ್ಲಕ್ಕೂ ಮೇಲೆ ತುರುಫಿಲ್ಲದ ಆಟ. ಇಪ್ಪತ್ತೆಂಟರಲ್ಲಿ ತುರುಫು ಮುಚ್ಚಿಡುತ್ತೀರಿ, ಇಲ್ಲಿ ಅದು ಬಹಿರಂಗ. ಕೂಗು ಗೆದ್ದವನ ಎಡಗಡೆಯವನು ಮೊದಲ ಎಲೆ ಇಳಿಸಿದ ಕೂಡಲೇ ಗೆದ್ದವನ ಜೊತೆಗಾರ ತನ್ನ ಎಲೆಗಳನ್ನೆಲ್ಲ ಹರಡಿ ಸುಮ್ಮನಾಗಬೇಕು. ಎರಡೂ ಕೈಗಳನ್ನು ಗೆದ್ದವನೇ ಆಡುತ್ತಾನೆ. ಹಾಗೆ ಬಾಯಿಮುಚ್ಚಿ ಕೂರಬಲ್ಲವರನ್ನು ನಮ್ಮೂರ ಕಟ್ಟೆಯಲ್ಲಿ ನಾನಂತೂ ಕಂಡಿಲ್ಲ!

ಎಲೆ ಹಿಡಿದವನೆಲ್ಲ ಜೂಜುಕೋರ ಎಂದು ಹಿರಿಯರು ಗದರುವುದುಂಟು. ಎಲೆಯಾಟಕ್ಕೆ ಮನೆ ಮಾರಿಕೊಂಡವರನ್ನು ಕಂಡ ಹಿರಿಯರು ಅವರು, ಅವರ ಭಯ ಸುಳ್ಳಲ್ಲ. ಆದರೆ 1967ರಲ್ಲಿ ಆಂಧ್ರದ ಒಂದು ಕ್ಲಬ್ಬಿನ ರಮ್ಮಿ ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ, ಅದರಲ್ಲಿರುವ ಅದೃಷ್ಟ ಬ್ರಿಜ್‌ನಲ್ಲಿ ಎಲೆ ಹಂಚುವಾಗಿನ ಅದೃಷ್ಟದಂಥದ್ದೇ ಎಂದು ನ್ಯಾಯಾಲಯ ಹೇಳಿತು. ಆಟ ನಡೆಸುವವನು ಅದರಿಂದ ಲಾಭ ಮಾಡಿಕೊಂಡರೆ ಮಾತು ಬೇರೆಯಾದೀತು ಎಂದೂ ಸೂಚಿಸಿತು. ಪಂದ್ಯಗಳಲ್ಲಿ ಆ ಅದೃಷ್ಟಕ್ಕೂ ಲಗಾಮು ಹಾಕುತ್ತಾರೆ: ಹಂಚಿದ ಅದೇ ಎಲೆಗಳನ್ನು ಮೇಜಿನಿಂದ ಮೇಜಿಗೆ ಸಾಗಿಸಿ ಬೇರೆ ಬೇರೆಯವರಿಂದ ಆಡಿಸಿ, ಯಾರು ಹೆಚ್ಚು ತೆಗೆದರೆಂದು ನೋಡುತ್ತಾರೆ.

ಈ ಸಂಜೆ ನಾಲ್ವರು ಸೇರಿದರೆ, ಮೊದಲು ಕೂಗಿಲ್ಲದೆ ಹಳೆಯ ವಿಸ್ಟನ್ನೇ ಆಡಿ ನೋಡಿ. ಹಂಚಿದವನ ಕೊನೆಯ ಎಲೆಯನ್ನು ತಿರುಗಿಸಿ ತೋರಿಸಿ, ಅದೇ ತುರುಫು. ಹತ್ತು ಕೈ ಆದ ಮೇಲೆ ಕೂಗಲು ಶುರುಮಾಡಿ.