ಕಲಿಯುವವರ ವಿಮಾನ

ಯುದ್ಧ ನನಗೆ ಮೂವತ್ತೆರಡು ವರ್ಷ ಅನ್ನ ಕೊಟ್ಟ ವಿಷಯ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಪಾಣಿಪತ್ 1526, ಪ್ಲಾಸಿ 1757, ಎರಡನೇ ಮಹಾಯುದ್ಧ 1939ರಿಂದ 1945. ಕಾರಣಗಳು ಐದು, ಪರಿಣಾಮಗಳು ಆರು. ಬೋರ್ಡಿನ ಮೇಲೆ ಬರೆದು, ಅಳಿಸಿ, ಸೀರೆಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡು ಮನೆಗೆ ಬರುವಷ್ಟರಲ್ಲಿ ಯುದ್ಧ ಮುಗಿದಿರುತ್ತಿತ್ತು. ಆ ಯುದ್ಧದೊಳಗೆ ಒಂದು ವಿಮಾನವಿತ್ತು, ಅದರೊಳಗೆ ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬ ಕೂತಿದ್ದ, ಅದನ್ನು ನೆಲದಿಂದ ಮೇಲೆಬ್ಬಿಸುವುದೇ ಅವನಿಗೆ ದೊಡ್ಡ ಪಾಡಾಗಿತ್ತು ಎನ್ನುವುದು ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ. ಅದೂ ಮೊಮ್ಮಗಳ ಕಂಪ್ಯೂಟರಿನಿಂದ.

ಮೊಮ್ಮಗಳು ಕಾಲೇಜಿಗೆಂದು ಶಿವಮೊಗ್ಗದಲ್ಲಿ ನನ್ನ ಜೊತೆಗಿದ್ದಾಳೆ. ಅವಳಮ್ಮ, ಅಂದರೆ ನನ್ನ ಮಗಳು, ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಎರಡನೇ ಶನಿವಾರ, ನಾಲ್ಕನೇ ಶನಿವಾರ ಬರುತ್ತಾಳೆ. ಹುಡುಗಿ ಓದು ಮುಗಿಸಿ ರಾತ್ರಿ ಮೇಜಿನ ಮೇಲೆ ಕೋಲಿನಂಥ ಒಂದು ಸಾಧನ ಇಟ್ಟುಕೊಂಡು ಕೂರುತ್ತಾಳೆ. ಆ ಕೋಲನ್ನು ಎಳೆದರೆ ಪರದೆಯ ಮೇಲಿನ ವಿಮಾನ ಮೂತಿ ಎತ್ತುತ್ತದೆ, ತಳ್ಳಿದರೆ ಇಳಿಸುತ್ತದೆ. ಎರಡನೇ ಮಹಾಯುದ್ಧದ ವಿಮಾನಗಳೇ ಇರುವ ಆಟ. ಮೊದಲ ದಿನ ನಾನು ಹಾಲಿಗೆ ಹೆಪ್ಪು ಹಾಕಿ ಬರುವಷ್ಟರಲ್ಲಿ ಅವಳು ಆರು ಸಲ ಸತ್ತಿದ್ದಳು.

“ಶತ್ರು ಅಷ್ಟು ಜೋರಾಗಿದ್ದಾನಾ?” ಅಂದೆ.

“ಶತ್ರು ಎಲ್ಲಿ ಅಜ್ಜಿ, ಇನ್ನೂ ಮೇಲಕ್ಕೇ ಹೋಗಿಲ್ಲ. ಓಡ್ತಾ ಓಡ್ತಾ ಎಡಗಡೆಗೆ ಎಳ್ಕೊಂಡು ಹೋಗಿ ಬಿದ್ದುಬಿಡುತ್ತೆ.”

ಅವಳು ಆರಿಸಿದ್ದು ಸ್ಪಿಟ್‌ಫೈರ್. ಯಾಕೆ ಅಂದರೆ “ಚಂದ ಇದೆ” ಅಂದಳು. ನಿಜ, ಚಂದವೇ. 1936ರ ಮಾರ್ಚಿನಲ್ಲಿ ಮೊದಲು ಹಾರಿದ ಈ ಬ್ರಿಟಿಷ್ ವಿಮಾನದ ರೆಕ್ಕೆ ವೀಳ್ಯದೆಲೆಯ ಹಾಗೆ ಬಾಗಿ ಬಂದಿದೆ. ಚಂದ ನೋಡಿ ಸೀರೆ ತರುವುದು, ಒಗೆದ ಮೇಲೆ ಅಳುವುದು ನಮಗೆ ಹೊಸದೇನಲ್ಲ. ಸ್ಪಿಟ್‌ಫೈರ್‌ನ ಚಕ್ರಗಳು ಒಂದಕ್ಕೊಂದು ಹತ್ತಿರ. ನೆಲದ ಮೇಲಿದ್ದಾಗ ಬಾಲ ಕೆಳಗೆ, ಮೂಗು ಮೇಲೆ. ಎದುರಿಗೆ ಉದ್ದಕ್ಕೆ ಎಂಜಿನ್ ಅಡ್ಡ ಇರುವುದರಿಂದ ನಡೆಸುವವನಿಗೆ ದಾರಿ ಕಾಣದು. ಹಾವಿನ ಹಾಗೆ ಆಚೆ ಈಚೆ ಹೊರಳಿಸಿ, ಪಕ್ಕದಿಂದ ಇಣುಕಿ ನೋಡುತ್ತ ಸಾಗಬೇಕು. ನಿಧಾನ ಮಾಡಿದರೆ ಎಂಜಿನ್ ಕಾದು ಕುದಿಯುತ್ತದೆ. ಒಮ್ಮೆಗೇ ಶಕ್ತಿ ಕೊಟ್ಟರೆ ಮುಂದಿನ ಪಂಕ ತಿರುಗುವ ರಭಸಕ್ಕೆ ಇಡೀ ವಿಮಾನ ಎಡಕ್ಕೆ ಎಳೆಯುತ್ತದೆ. ಹೊಸಬರು ಬೀಳುವುದೇ ಅಲ್ಲಿ.

“ಮತ್ತೆ ಆ ಹುಡುಗರು ಹೇಗೆ ಕಲಿತರು?” ಅಂತ ಅವಳು ಕೇಳಿದಳು. ಪಾಠ ಹೇಳಿದವಳು ನಾನು, ಉತ್ತರ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅಂದಿನಿಂದ ಓದಲು ಹಿಡಿದೆ.

ಆ ಹುಡುಗರು ಮೊದಲು ಟೈಗರ್ ಮಾತ್ ಎಂಬ ಎರಡು ರೆಕ್ಕೆಯ, ಬಟ್ಟೆ ಹೊದಿಸಿದ ಸಣ್ಣ ವಿಮಾನದಲ್ಲಿ ಕಲಿಯುತ್ತಿದ್ದರು. ಆಮೇಲೆ ಹಾರ್ವರ್ಡ್‌ನಂಥ ಸ್ವಲ್ಪ ದೊಡ್ಡದು. ಇವೆರಡರಲ್ಲೂ ಗುರು ಜೊತೆಗೇ ಕೂತಿರುತ್ತಿದ್ದ. ಸ್ಪಿಟ್‌ಫೈರ್‌ನಲ್ಲಿ ಇರುವುದು ಒಂದೇ ಆಸನ. ಮೊದಲ ದಿನವೂ ಒಬ್ಬನೇ ಹೋಗಬೇಕು. ಗುರು ರೆಕ್ಕೆಯ ಮೇಲೆ ನಿಂತು, ಒಳಗೆ ಬಗ್ಗಿ, ಯಾವ ಗುಂಡಿ ಯಾವುದಕ್ಕೆ ಎಂದು ತೋರಿಸಿ ಇಳಿದುಬಿಡುತ್ತಿದ್ದ. 1940ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಮೇಲೆ ಜರ್ಮನ್ ವಿಮಾನಗಳು ಮುಗಿಬಿದ್ದಾಗ ಆ ವಿಮಾನದಲ್ಲಿ ಬೆರಳೆಣಿಕೆಯ ಗಂಟೆಗಳಷ್ಟು ಮಾತ್ರ ಹಾರಿದ ಹುಡುಗರನ್ನೂ ಕಾಳಗಕ್ಕೆ ಕಳಿಸಿದರು. ಮೊಮ್ಮಗಳಿಗೆ ಸತ್ತರೆ ಇನ್ನೊಂದು ಗುಂಡಿ ಒತ್ತುವುದಿತ್ತು.

“ಹಾಗಾದ್ರೆ ಜರ್ಮನಿಯದು ತಗೊಳ್ತೀನಿ” ಎಂದು ಅವಳು ಮೆಸ್ಸರ್‌ಶ್ಮಿಟ್ 109ಕ್ಕೆ ಹೋದಳು. ಅದರ ಚಕ್ರಗಳೂ ಇಕ್ಕಟ್ಟು, ಕಾಲುಗಳು ಸೊಟ್ಟ. ಹಾರಿದ ಮೇಲೆ ಬಹಳ ಒಳ್ಳೆಯ ವಿಮಾನವಂತೆ, ನಿಧಾನವಾದಾಗ ರೆಕ್ಕೆಯ ಅಂಚು ತಾನಾಗಿ ತೆರೆದುಕೊಂಡು ಬೀಳದಂತೆ ಹಿಡಿಯುತ್ತದಂತೆ. ಏರುವಾಗ ಇಳಿಯುವಾಗ ಮಾತ್ರ ಅದು ತನ್ನವರನ್ನೇ ಎಷ್ಟೋ ಮಂದಿಯನ್ನು ಬಲಿ ತೆಗೆದುಕೊಂಡಿತು.

ಕೊನೆಗೆ ನಾನೇ ಅವಳಿಗೆ ಹರಿಕೇನ್ ತೆಗೆದುಕೊಳ್ಳೆಂದು ಹೇಳಿದೆ. ಓದಿ ಓದಿ ನನಗೂ ಅಷ್ಟು ಧೈರ್ಯ ಬಂದಿತ್ತು. ಸ್ಪಿಟ್‌ಫೈರ್‌ಗಿಂತ ನಾಲ್ಕು ತಿಂಗಳು ಮೊದಲು, 1935ರ ನವೆಂಬರಿನಲ್ಲಿ ಹಾರಿದ್ದು. ನೋಡಲು ಗೂನುಬೆನ್ನು, ದಪ್ಪ ರೆಕ್ಕೆ, ವೇಗವೂ ಕಡಿಮೆ. ಚಕ್ರಗಳು ಮಾತ್ರ ಅಗಲವಾಗಿ, ಕಾಲು ಬಿಟ್ಟು ಕೂತ ಅಜ್ಜಿಯ ಹಾಗೆ ಭದ್ರ. ಹಿಂಭಾಗಕ್ಕೆ ಹೊದಿಸಿರುವುದು ಬಟ್ಟೆ. ಗುಂಡು ಬಟ್ಟೆಯ ಒಳಗೆ ಹೊಕ್ಕು ಆಚೆ ಹೋದರೆ ತೇಪೆ ಹಾಕಿ ಮಾರನೇ ದಿನ ಮತ್ತೆ ಹಾರಿಸುತ್ತಿದ್ದರು. ಹೆಸರೆಲ್ಲ ಸ್ಪಿಟ್‌ಫೈರ್‌ಗೆ ಬಂದರೂ 1940ರ ಆ ಕಾಳಗದಲ್ಲಿ ಹೆಚ್ಚು ಶತ್ರು ವಿಮಾನಗಳನ್ನು ಕೆಡವಿದ್ದು ಹರಿಕೇನ್‌ಗಳೇ. ಮನೆಯಲ್ಲಿ ದುಡಿಯುವ ಹಿರಿಸೊಸೆಯ ಕಥೆ! 1944ರಲ್ಲಿ ಇಂಫಾಲದ ಮೇಲೆ ಜಪಾನೀಯರು ಬಂದಾಗ ನಮ್ಮ ಅರ್ಜನ್ ಸಿಂಗ್ ಮುನ್ನಡೆಸಿದ ಸ್ಕ್ವಾಡ್ರನ್ ಹಾರಿಸಿದ್ದೂ ಹರಿಕೇನ್‌ಗಳನ್ನೇ.

ಹರಿಕೇನ್‌ನಲ್ಲಿ ಅವಳು ನಾಲ್ಕನೇ ಸಲಕ್ಕೆ ಮೇಲೆದ್ದಳು. ಇಬ್ಬರೂ ಚಪ್ಪಾಳೆ ತಟ್ಟಿದೆವು. ಮಾರನೇ ದಿನ ಹೊಸ ದೂರು: “ಅಜ್ಜಿ, ಮೂತಿ ಕೆಳಗೆ ತಳ್ಳಿದ ತಕ್ಷಣ ಎಂಜಿನ್ ಕೆಮ್ಮುತ್ತೆ.”

ಇದರ ಹಿಂದೆ ಒಬ್ಬ ಹೆಂಗಸಿನ ಕಥೆಯಿದೆ. ಹರಿಕೇನ್‌ಗೂ ಸ್ಪಿಟ್‌ಫೈರ್‌ಗೂ ಮರ್ಲಿನ್ ಎಂಬ ಒಂದೇ ಎಂಜಿನ್. ಅದರಲ್ಲಿ ಹಳೆಯ ಸ್ಕೂಟರಿನಲ್ಲಿ ಇರುತ್ತಿದ್ದಂಥ ಕಾರ್ಬ್ಯುರೇಟರ್. ವಿಮಾನ ಥಟ್ಟನೆ ಮೂತಿ ತಗ್ಗಿಸಿದರೆ ಬಟ್ಟಲಿನ ಪೆಟ್ರೋಲು ಮೇಲಕ್ಕೆ ಚಿಮ್ಮಿ ಎಂಜಿನ್ನಿಗೆ ಗುಟುಕು ತಪ್ಪುತ್ತದೆ, ಮರುಕ್ಷಣ ಹೆಚ್ಚಾಗಿ ನುಗ್ಗಿ ಉಸಿರುಗಟ್ಟುತ್ತದೆ. ಜರ್ಮನ್ ಎಂಜಿನ್ನಿಗೆ ಪೆಟ್ರೋಲನ್ನು ನೇರ ಚುಚ್ಚಿ ಕೊಡುವ ಏರ್ಪಾಟಿದ್ದುದರಿಂದ ಈ ತೊಂದರೆ ಇರಲಿಲ್ಲ. ಹಾಗಾಗಿ ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳಲು ಅವರು ಮೂತಿ ತಗ್ಗಿಸಿ ಕೆಳಗಿಳಿದುಬಿಡುತ್ತಿದ್ದರು. ಇಂಗ್ಲಿಷ್ ಹುಡುಗರು ಮೊದಲು ವಿಮಾನವನ್ನು ಮಗುಚಿ, ಆಮೇಲೆ ಹಿಂದೆ ಧುಮುಕಬೇಕು. ಅಷ್ಟರಲ್ಲಿ ಶತ್ರು ದೂರ.

ಇದಕ್ಕೆ ಮದ್ದು ಕಂಡುಹಿಡಿದವಳು ಬಿಯಾಟ್ರಿಸ್ ಶಿಲ್ಲಿಂಗ್. 1909ರಲ್ಲಿ ಹುಟ್ಟಿದವಳು, ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾಲಯದಲ್ಲಿ ಎಂಜಿನಿಯರ್. ಮೋಟಾರ್‌ಸೈಕಲ್ ರೇಸಿನಲ್ಲಿ ಗಂಟೆಗೆ ನೂರು ಮೈಲಿ ದಾಟಿ ಬಹುಮಾನ ಪಡೆದವಳು. 1941ರಲ್ಲಿ ಅವಳು ಮಾಡಿದ್ದು ನಡುವೆ ತೂತಿರುವ ಸಣ್ಣದೊಂದು ಲೋಹದ ಬಿಲ್ಲೆ, ನಮ್ಮ ನಲ್ಲಿಯ ವಾಷರಿನಂಥದು. ಪೆಟ್ರೋಲಿನ ದಾರಿಯಲ್ಲಿ ಅದನ್ನು ಕೂರಿಸಿದರೆ ಎಂಜಿನ್ನಿಗೆ ಬೇಕಾದಷ್ಟೇ ಹೋಗುತ್ತದೆ, ನುಗ್ಗುವುದಿಲ್ಲ. ವಿಮಾನವನ್ನು ಕಾರ್ಖಾನೆಗೆ ಕಳಿಸಬೇಕಾಗಿಯೂ ಇರಲಿಲ್ಲ. ಪೂರ್ತಿ ಪರಿಹಾರ ಬರುವವರೆಗೆ ಆ ಬಿಲ್ಲೆಯೇ ಎಷ್ಟೋ ಹುಡುಗರನ್ನು ಕಾಪಾಡಿತು. ನನ್ನ ಪಠ್ಯಪುಸ್ತಕದಲ್ಲಿ ಚರ್ಚಿಲ್ ಇದ್ದ, ಈಕೆ ಇರಲಿಲ್ಲ.

ಈ ಕಲಿಯುವ ಆಟಕ್ಕೂ ಒಬ್ಬ ಮೂಲಪುರುಷನಿದ್ದಾನೆ, ಅವನನ್ನು ಬಿಟ್ಟು ಮುಂದೆ ಹೋಗಲಾರೆ. ಅಮೆರಿಕದ ಎಡ್ವಿನ್ ಲಿಂಕ್. ಅವನ ತಂದೆಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಆರ್ಗನ್ ಮತ್ತು ಪಿಯಾನೋ. ಹಾರುವುದನ್ನು ಕಲಿಯಲು ದುಡ್ಡು ಸಾಲದೆ ಅವನು 1920ರ ದಶಕದ ಕೊನೆಯಲ್ಲಿ ಆರ್ಗನ್ನಿನ ತಿದಿಗಳ ಮೇಲೇ ಒಂದು ಪೆಟ್ಟಿಗೆ ಕೂರಿಸಿದ. ಗಾಳಿ ತುಂಬಿದಂತೆ, ಬಿಟ್ಟಂತೆ ಪೆಟ್ಟಿಗೆ ವಿಮಾನದ ಹಾಗೆ ಓಲಾಡುತ್ತಿತ್ತು. ಮೊದಲು ಕೊಂಡವರು ಜಾತ್ರೆ ಆಟದವರು. 1934ರಲ್ಲಿ ಅಮೆರಿಕದ ಸೈನ್ಯಕ್ಕೆ ಟಪಾಲು ಸಾಗಿಸುವ ಕೆಲಸ ಬಂದು, ಮಂಜು ಮಳೆಯಲ್ಲಿ ಸಾಲುಸಾಲಾಗಿ ಹುಡುಗರು ಸತ್ತಾಗ, ತಲಾ ಮೂರೂವರೆ ಸಾವಿರ ಡಾಲರಿಗೆ ಆರು ಪೆಟ್ಟಿಗೆ ತರಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಅಂಥ ಸಾವಿರಾರು ನೀಲಿ ಪೆಟ್ಟಿಗೆಗಳಲ್ಲಿ ಲಕ್ಷಗಟ್ಟಲೆ ಜನ ಕಲಿತಿದ್ದರು. ನಮ್ಮಲ್ಲಿ ಮದುವೆಗೆ ಮೊದಲು ಹುಡುಗಿಯರನ್ನು ಹಾರ್ಮೋನಿಯಂ ಮುಂದೆ ಕೂರಿಸುತ್ತಿದ್ದರಲ್ಲ, ನನ್ನನ್ನೂ ಕೂರಿಸಿದ್ದರು. ಅದೇ ತಿದಿ. ಅದರಿಂದ ಹಾರಲೂಬಹುದು ಅಂತ ಯಾರೂ ಹೇಳಲಿಲ್ಲ.

ಹೆಂಗಸರ ಮಾತು ಬಂತು. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಕಾರ್ಖಾನೆಯಿಂದ ಸೈನ್ಯದ ನೆಲೆಗಳಿಗೆ ವಿಮಾನ ಮುಟ್ಟಿಸುವ ಸಂಸ್ಥೆಯೊಂದಿತ್ತು. 1940ರ ಜನವರಿಯಲ್ಲಿ ಪಾಲಿನ್ ಗೋವರ್ ಎಂಬಾಕೆಯ ಕೈಕೆಳಗೆ ಎಂಟು ಮಂದಿ ಹೆಂಗಸರು ಅದಕ್ಕೆ ಸೇರಿದರು. ಕೊಟ್ಟದ್ದು ಮತ್ತೆ ಟೈಗರ್ ಮಾತ್, ತೆರೆದ ಆಸನ. ಆ ಚಳಿಗಾಲದಲ್ಲಿ ಸ್ಕಾಟ್ಲೆಂಡಿನವರೆಗೆ. ಗಂಡಸರು ಯುದ್ಧವಿಮಾನ ಕೊಡಲು ಒಂದೂವರೆ ವರ್ಷ ಸತಾಯಿಸಿದರು. 1941ರ ಜುಲೈನಲ್ಲಿ ಕೊಟ್ಟಾಗ ಮೊದಲು ಸಿಕ್ಕಿದ್ದು ಹರಿಕೇನ್. ಆಮೇಲೆ ಎಲ್ಲವೂ. ರೇಡಿಯೋ ಇಲ್ಲ, ಬಂದೂಕಿಗೆ ಗುಂಡಿಲ್ಲ. ಕೈಯಲ್ಲೊಂದು ಪುಟ್ಟ ಪುಸ್ತಕ. ಪ್ರತಿ ವಿಮಾನಕ್ಕೂ ಅದರಲ್ಲಿ ಒಂದೆರಡು ಪುಟ: ಏರುವ ವೇಗ ಇಷ್ಟು, ಇಳಿಯುವ ವೇಗ ಇಷ್ಟು. ಕಣ್ಣಲ್ಲೇ ಕಾಣದ ವಿಮಾನಕ್ಕೆ ಹತ್ತಿ, ಪುಟ ಓದಿ, ಹಾರಿಸಿಕೊಂಡು ಹೋಗುತ್ತಿದ್ದರು. 1943ರಿಂದ ಗಂಡಸರಷ್ಟೇ ಸಂಬಳ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ರಷ್ಯದವರದು ಇನ್ನೊಂದು ಬಗೆ. ಅಲ್ಲಿ ಕಲಿಯುವವರಿಗೆಂದೇ ಪೊಲಿಕಾರ್ಪೊವ್ ಎಂಬಾತ 1920ರ ದಶಕದಲ್ಲಿ ಮಾಡಿದ ಮರ-ಬಟ್ಟೆಯ ಎರಡು ರೆಕ್ಕೆಯ ವಿಮಾನವಿತ್ತು. ಆಗ ಅದಕ್ಕೆ ಯು-2 ಎಂದು ಹೆಸರು, ಅವನು ತೀರಿಕೊಂಡ ಮೇಲೆ ಪೋ-2. ವೇಗ ಗಂಟೆಗೆ 150 ಕಿಲೋಮೀಟರ್, ಇಂದಿನ ಕಾರೂ ಹಿಂದೆ ಹಾಕುತ್ತದೆ. 1941ರಲ್ಲಿ ಮರೀನಾ ರಸ್ಕೋವಾ ಹುಡುಗಿಯರ ಮೂರು ಪಡೆಗಳನ್ನು ಕಟ್ಟಿದಾಗ ಒಂದಕ್ಕೆ ಸಿಕ್ಕಿದ್ದು ಇದು. ಉಡುಪು ಗಂಡಸರದು, ಬೂಟಿನೊಳಗೆ ಬಟ್ಟೆ ತುರುಕಿ ಹಾಕಿಕೊಳ್ಳಬೇಕಿತ್ತು. 1942ರ ಬೇಸಿಗೆಯಿಂದ ಅವರು ರಾತ್ರಿ ಹೊತ್ತು, ಒಂದೊಂದು ವಿಮಾನದಲ್ಲಿ ಇಬ್ಬಿಬ್ಬರಂತೆ ಹೋಗಿ, ಗುರಿ ಹತ್ತಿರವಾದಾಗ ಎಂಜಿನ್ ತಗ್ಗಿಸಿ, ಸದ್ದಿಲ್ಲದೆ ಜಾರಿ ಬಾಂಬು ಹಾಕಿ ಬರುತ್ತಿದ್ದರು. ಹೆಚ್ಚು ಹೊರಲಾಗದ ವಿಮಾನವಾದ್ದರಿಂದ ಒಂದೇ ರಾತ್ರಿ ಎಂಟು ಹತ್ತು ಸಲ ಹೋಗಿ ಬರಬೇಕು. ಜರ್ಮನ್ ವಿಮಾನಗಳು ಅಷ್ಟು ನಿಧಾನಕ್ಕೆ ಹಾರಿದರೆ ಬಿದ್ದೇಹೋಗುತ್ತಿದ್ದವು, ಹೀಗಾಗಿ ಹಿಡಿಯುವುದು ಕಷ್ಟ. ಅವರು ಇವರಿಗಿಟ್ಟ ಹೆಸರು ರಾತ್ರಿಯ ಮಾಟಗಾತಿಯರು. ಯುದ್ಧ ಮುಗಿಯುವಷ್ಟರಲ್ಲಿ ಆ ಪಡೆ ಸುಮಾರು 23,000 ಸಲ ಹಾರಿತ್ತು. ಮೂವತ್ತಕ್ಕೂ ಹೆಚ್ಚು ಹುಡುಗಿಯರು ಹಿಂದಿರುಗಲಿಲ್ಲ. ಬಹಳ ಕಾಲ ಅವರಿಗೆ ಪ್ಯಾರಾಚೂಟ್ ಕೂಡ ಇರಲಿಲ್ಲ. ಈ ಭಾಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಟ್ಟೆಯ ವಿಮಾನಕ್ಕೆ ಬೆಂಕಿ ಹತ್ತಿದರೆ ಎಷ್ಟು ಹೊತ್ತು?

ನಮ್ಮ ನಾಡಿನ ಕಥೆಯೂ ಕಲಿಯುವ ವಿಮಾನದಿಂದಲೇ ಶುರು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆದರು. 1941ರಲ್ಲಿ ಅಲ್ಲಿಂದ ಮೊದಲು ಹಾರಿದ್ದು ಹಾರ್ಲೊ ಎಂಬ ತರಬೇತಿ ವಿಮಾನ. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ಡಾ. ಘಾಟಗೆಯವರ ತಂಡ ತಾವೇ ರೂಪಿಸಿ ಹಾರಿಸಿದ ಎಚ್‌ಟಿ-2 ಕೂಡ ಕಲಿಯುವವರದೇ. ನಾನೂ ಅದೇ ವರ್ಷ ಹುಟ್ಟಿದವಳು.

ಇಷ್ಟೆಲ್ಲ ಹೇಳಿ ಒಂದು ಮಾತು ಮುಚ್ಚಿಟ್ಟರೆ ತಪ್ಪಾಗುತ್ತದೆ. 1990ರಲ್ಲಿ, ಪಿಯುಸಿ ಓದುತ್ತಿದ್ದ ನನ್ನ ಮಗಳು ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಸುತ್ತಾರೆಂದು ಯಾರಿಂದಲೋ ತಿಳಿದು, ವಿವರ ಬರೆದ ಹಾಳೆ ತಂದು ನನ್ನ ಮುಂದೆ ಹಿಡಿದಿದ್ದಳು. ದುಡ್ಡಿಲ್ಲ ಅಂದಿದ್ದರೆ ನಿಜವೇ ಆಗುತ್ತಿತ್ತು. ನಾನು ಅಂದದ್ದು ಬೇರೆ: “ಹೆಂಗಸರನ್ನ ಯಾರು ತಗೋತಾರೆ ಅದಕ್ಕೆಲ್ಲ?” ಸೌದಾಮಿನಿ ದೇಶಮುಖ್ ನಾಯಕಿಯಾಗಿ, ಬರೀ ಹೆಂಗಸರೇ ಸೇರಿ ಕಲ್ಕತ್ತೆಯಿಂದ ಸಿಲ್ಚಾರಿಗೆ ವಿಮಾನ ಒಯ್ದದ್ದು 1985ರಲ್ಲಿ. ಆ ಸುದ್ದಿಯನ್ನು ನಾನೇ ತರಗತಿಯಲ್ಲಿ ಓದಿ ಹೇಳಿದ್ದೆ. ನಮ್ಮ ವಾಯುಪಡೆ ಹೆಂಗಸರನ್ನು ಪೈಲಟ್ ಮಾಡಿದ್ದು 1994ರಲ್ಲಿ. ನಾನು ಆ ಮಾತಾಡಿ ನಾಲ್ಕೇ ವರ್ಷಕ್ಕೆ. ಮಗಳು ಜಗಳವಾಡಲಿಲ್ಲ. ಹಾಳೆಯನ್ನು ಬೇಳೆ ಡಬ್ಬದ ಅಡಿಗೆ ಹಾಸಿದಳು. ಅದು ಎಣ್ಣೆ ಹಿಡಿದು ಹರಿಯುವವರೆಗೆ ನಾನು ದಿನವೂ ಆ ಡಬ್ಬ ಎತ್ತುತ್ತಿದ್ದೆ. 2016ರಲ್ಲಿ ಮೂವರು ಹುಡುಗಿಯರು ಯುದ್ಧವಿಮಾನದ ಪೈಲಟ್‌ಗಳಾದರು, ಅದಾದ ಮೇಲೆ ನಮ್ಮ ಬೀದರಿನಲ್ಲೇ ಹಾಕ್ ವಿಮಾನದಲ್ಲಿ ತರಬೇತಿ ಪಡೆದರು ಎಂದು ಪತ್ರಿಕೆಯಲ್ಲಿ ಬಂದಾಗ ಆ ಹಾಳೆಯನ್ನು ಮಗಳ ಮುಂದೆ ಮಡಚಿಟ್ಟೆ. ನೋಡಿ, “ಹೂಂ” ಅಂದಳು.

ಕಳೆದ ಎರಡನೇ ಶನಿವಾರ ಅವಳು ಬಂದಿದ್ದಳು. ಊಟವಾಗಿ, ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೋಣೆಗೆ ಬಂದಳು. ಮಗಳ ಹಿಂದೆ ಸ್ವಲ್ಪ ಹೊತ್ತು ನಿಂತು, “ಏಳು, ನೋಡೋಣ” ಅಂದಳು. ಹುಡುಗಿ ಎದ್ದು ಜಾಗ ಬಿಟ್ಟಳು. “ಯಾವುದು ಕೊಡ್ಲಿ ಅಮ್ಮ? ಹರಿಕೇನ್?” “ಅಮ್ಮ ಹೇಳ್ತಿದ್ದಳಲ್ಲ, ಆ ಬಟ್ಟೆಯದ್ದು.”

ಪೋ-2 ಏನೂ ರಗಳೆ ಮಾಡದೆ ಮೇಲೆದ್ದಿತು. ಕೆಳಗೆ ಹಿಮದ ಬಯಲು, ಒಂದು ನದಿ. ಅವಳು ಯಾರ ಮೇಲೂ ಬಾಂಬು ಹಾಕಲಿಲ್ಲ, ನದಿಯ ಗುಂಟ ಸುಮ್ಮನೆ ಹೋದಳು. ಹತ್ತು ನಿಮಿಷವಾದ ಮೇಲೆ ತಿರುಗದೆಯೇ ಕೇಳಿದಳು, “ಅಮ್ಮ, ಇಳಿಸೋದು ಹೇಗೆ?”

ಮೊಮ್ಮಗಳು ವಿಮಾನಕ್ಕೊಂದರಂತೆ ಪುಟ ಬರೆದಿಟ್ಟ ನೋಟುಬುಕ್ಕು ನನ್ನ ಕೈಯಲ್ಲಿತ್ತು. ಕನ್ನಡಕ ಹಾಕಿಕೊಂಡು ಓದಿದೆ. ಶಕ್ತಿ ತಗ್ಗಿಸು. ಮೂತಿ ಸ್ವಲ್ಪ ಕೆಳಗೆ. ನೆಲ ಹತ್ತಿರ ಬಂದಾಗ ಕೋಲನ್ನು ನಿಧಾನವಾಗಿ ಎಳೆ, ಗಾಬರಿಯಾಗಬೇಡ. ಮೊದಲ ಸಲ ಬಿದ್ದಳು. ಎರಡನೇ ಸಲವೂ ಬಿದ್ದಳು. ಮೂರನೇ ಸಲ ಚಕ್ರ ನೆಲ ಮುಟ್ಟಿ, ಒಮ್ಮೆ ಕುಪ್ಪಳಿಸಿ, ನಿಂತಿತು. ಗಂಟೆ ಹನ್ನೊಂದೂವರೆ. “ಇನ್ನೊಂದು ಸಲ” ಅಂದಳು. ನಾನು ಪುಟವನ್ನು ಮತ್ತೆ ಮೊದಲಿನಿಂದ ಓದಿದೆ.